ಮೀಸೆಗೆ ಹತ್ತಿದ ಮಣ್ಣು

2010ರ ನವೆಂಬರ್ 29ರ ರಾತ್ರಿ ಬಾರ್ಸಿಲೋನಾದ ಕ್ಯಾಂಪ್ ನೌ ಮೈದಾನದಲ್ಲಿ ರಿಯಲ್ ಮ್ಯಾಡ್ರಿಡ್ 5–0 ಅಂತರದಿಂದ ಸೋತಿತು. ಜಗತ್ತಿನ ಅತ್ಯಂತ ಶ್ರೀಮಂತ ಕ್ಲಬ್ಬುಗಳಲ್ಲಿ ಒಂದಾದ ಅದು, ತನ್ನ ಹಳೆಯ ವೈರಿಯ ಮನೆಯಂಗಳದಲ್ಲಿ ಅಷ್ಟು ಹೀನಾಯವಾಗಿ ಸೋತರೆ ಅದರ ಮ್ಯಾನೇಜರ್ ಜೊಸೆ ಮೊರಿನ್ಯೊ ಕೆಂಡ ಕಾರುತ್ತಾರೆ ಎಂದು ಪತ್ರಕರ್ತರು ಕಾದಿದ್ದರು. ಮೊರಿನ್ಯೊ ಶಾಂತವಾಗಿದ್ದರು. ಒಂದು ತಂಡ ಬಹಳ ಚೆನ್ನಾಗಿ ಆಡಿತು, ಇನ್ನೊಂದು ಬಹಳ ಕೆಟ್ಟದಾಗಿ ಆಡಿತು, ಗೆಲ್ಲುವ ಅವಕಾಶವೇ ಇರಲಿಲ್ಲವಾದ್ದರಿಂದ ಇದು ಸುಲಭವಾಗಿ ಜೀರ್ಣವಾಗುವ ಸೋಲು ಎಂಬರ್ಥದ ಮಾತಾಡಿ ಎದ್ದುಹೋದರು. ಐದು ತಿಂಗಳ ನಂತರ, 2011ರ ಏಪ್ರಿಲ್ 27ರಂದು, ಅದೇ ಎದುರಾಳಿಯ ವಿರುದ್ಧ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಮೊದಲ ಪಂದ್ಯ. ಮ್ಯಾಡ್ರಿಡ್‌ನ ಪೆಪೆಗೆ ರೆಫರಿ ಕೆಂಪು ಕಾರ್ಡ್ ತೋರಿಸಿದರು, ಆಮೇಲೆ ಮೆಸ್ಸಿ ಎರಡು ಗೋಲು ಹೊಡೆದರು. ಸೋಲಿನ ಅಂತರ ಎರಡೇ ಗೋಲು. ಆದರೆ ಆ ರಾತ್ರಿ ಮೊರಿನ್ಯೊ ಒಬ್ಬೊಬ್ಬ ರೆಫರಿಯ ಹೆಸರನ್ನೂ ಪಟ್ಟಿ ಓದುವಂತೆ ಹೇಳಿ, ಬಾರ್ಸಿಲೋನಾ ಪಂದ್ಯಗಳಲ್ಲೇ ಯಾಕೆ ಹೀಗಾಗುತ್ತದೆ ಎಂದು ಸ್ಪ್ಯಾನಿಷ್‌ನಲ್ಲಿ ‘ಪೊರ್ ಕೆ, ಪೊರ್ ಕೆ’ ಎಂದು ಮತ್ತೆ ಮತ್ತೆ ಕೇಳಿದರು. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಯೆಫಾ ಅವರಿಗೆ ಐದು ಪಂದ್ಯಗಳ ನಿಷೇಧ ಹೇರಿತು.

ದೊಡ್ಡ ಫುಟ್‌ಬಾಲ್ ಮ್ಯಾನೇಜರುಗಳಿಗೆ ಸೋಲು ಸಹಿಸುವ ಗುಣವೇ ಇಲ್ಲ ಎಂಬ ದೂರು ಹಳೆಯದು. ನಮ್ಮಲ್ಲಿ ಇಂಥವರಿಗೆಂದೇ ಎರಡು ಗಾದೆಗಳಿವೆ. ಕುಣಿಯಲಾರದವಳು ನೆಲ ಡೊಂಕು ಎನ್ನುತ್ತಾಳೆ. ಬಿದ್ದವನು ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾನೆ. ಒಂದರಲ್ಲಿ ತಪ್ಪು ಬೇರೆಯವರದಾಗುತ್ತದೆ, ಇನ್ನೊಂದರಲ್ಲಿ ಸೋಲೇ ಸೋಲಲ್ಲವಾಗುತ್ತದೆ. ಎರಡೂ ಗಾದೆಗಳು ವ್ಯಕ್ತಿಯ ಸ್ವಭಾವವನ್ನು ದೂರುತ್ತವೆ. ಮೇಲಿನ ಎರಡು ರಾತ್ರಿಗಳು ಮಾತ್ರ ಆ ವಿವರಣೆಗೆ ಒಗ್ಗುವುದಿಲ್ಲ. ಮನುಷ್ಯ ಅವನೇ, ಎದುರಾಳಿ ಅವರೇ, ಒಂದೇ ಋತು. ದೊಡ್ಡ ಸೋಲಿಗೆ ತಲೆಬಾಗಿದವನು ಚಿಕ್ಕ ಸೋಲಿಗೆ ಸಿಡಿದೆದ್ದ. ಹಾಗಾದರೆ ಕಾರಣವನ್ನು ಮನುಷ್ಯನ ಸ್ವಭಾವದಲ್ಲಿ ಮಾತ್ರ ಹುಡುಕಿದರೆ ಸಾಲದು, ಸೋಲಿನ ಸ್ವಭಾವವನ್ನೂ ನೋಡಬೇಕು. ಈ ಮ್ಯಾನೇಜರುಗಳನ್ನು ಕೆರಳಿಸುವುದು ಸೋಲಲ್ಲ, ‘ಇನ್ನೊಂದು ಚೂರು ಆಚೀಚೆ ಆಗಿದ್ದರೆ’ ಎಂಬ ಬಾಗಿಲನ್ನು ತೆರೆದಿಟ್ಟು ಹೋಗುವ ಸೋಲು ಎಂಬುದು ನನ್ನ ವಾದ. ಅವರ ಕಹಿಯನ್ನು ನಾವು ಕ್ಷಮಿಸಬಹುದು. ಆ ಕಹಿಯನ್ನು ಯಾರ ಮೇಲೆ ಉಗುಳುತ್ತಾರೆ ಎಂಬುದನ್ನು ಮಾತ್ರ ಕ್ಷಮಿಸಬಾರದು.

ಅಲೆಕ್ಸ್ ಫರ್ಗ್ಯುಸನ್ ಅವರ ಅದೇ 2011ನೇ ಇಸವಿಯನ್ನು ನೋಡಿ. ಮಾರ್ಚ್ 1ರಂದು ಚೆಲ್ಸಿ ವಿರುದ್ಧ ಮ್ಯಾಂಚೆಸ್ಟರ್ ಯುನೈಟೆಡ್ 2–1ರಿಂದ ಸೋತಿತು. ನಿರ್ಣಾಯಕ ಗೋಲು ಬಂದದ್ದು ಪೆನಾಲ್ಟಿಯಿಂದ. ಇಂಥ ಪಂದ್ಯಕ್ಕೆ ನ್ಯಾಯವಾಗಿ ನಡೆದುಕೊಳ್ಳುವ ರೆಫರಿ ಬೇಕಿತ್ತು ಎಂದು ಫರ್ಗ್ಯುಸನ್ ಹೇಳಿದ್ದರಿಂದ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಅವರಿಗೆ 30,000 ಪೌಂಡ್ ದಂಡ ಹಾಕಿತು. ಹಿಂದಿನ ಪ್ರಕರಣದಲ್ಲಿ ತಡೆಹಿಡಿದಿದ್ದ ಶಿಕ್ಷೆಯೂ ಸೇರಿ ಐದು ಪಂದ್ಯ ಗೆರೆಯಂಚಿನಿಂದ ದೂರವಿಟ್ಟಿತು. ಮೂರು ತಿಂಗಳೂ ಕಳೆದಿರಲಿಲ್ಲ, ಮೇ 28ರಂದು ವೆಂಬ್ಲಿಯಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್. ಬಾರ್ಸಿಲೋನಾ 3–1ರಿಂದ ಗೆದ್ದಿತು, ಗೆದ್ದ ರೀತಿ ಅಂಕಿಗಿಂತ ದೊಡ್ಡದಾಗಿತ್ತು. ಆಗ ಇದೇ ಫರ್ಗ್ಯುಸನ್, ತಾನು ಮ್ಯಾನೇಜರ್ ಆದಮೇಲೆ ಎದುರಿಸಿದ ತಂಡಗಳಲ್ಲೆಲ್ಲ ಇದೇ ಉತ್ತಮ, ನಮ್ಮನ್ನು ಯಾರೂ ಹೀಗೆ ಬಡಿದಿರಲಿಲ್ಲ ಎಂದು ಮನಸಾರೆ ಒಪ್ಪಿಕೊಂಡರು. ಎರಡು ವರ್ಷದ ನಂತರ, 2013ರ ಮಾರ್ಚ್ 5ರಂದು, ಮುನ್ನಡೆಯಲ್ಲಿದ್ದಾಗ ತಮ್ಮ ಆಟಗಾರ ನಾನಿಗೆ ಕೆಂಪು ಕಾರ್ಡ್ ಬಿದ್ದು ರಿಯಲ್ ಮ್ಯಾಡ್ರಿಡ್‌ಗೆ ಸೋತ ರಾತ್ರಿ ಮಾತ್ರ ಅವರು ಪತ್ರಿಕಾಗೋಷ್ಠಿಗೆ ಬರಲೇ ಇಲ್ಲ, ಸಹಾಯಕನನ್ನು ಕಳಿಸಿದರು. ಅಂದು ಗೆದ್ದ ತಂಡದ ಮ್ಯಾನೇಜರ್ ಮೊರಿನ್ಯೊ. ಉತ್ತಮ ತಂಡವೇ ಸೋತಿತು ಎಂದು ಹೇಳಿದವರೂ ಅವರೇ. ಗೆದ್ದವನಿಗೆ ಔದಾರ್ಯ ಅಗ್ಗವಾಗಿ ಸಿಗುತ್ತದೆ ಎಂಬುದೂ ನಿಜ. ಹಾಗಿದ್ದರೂ, ಪಂದ್ಯದ ಸತ್ಯ ಆ ಮನುಷ್ಯನಿಗೆ ಕಾಣುವುದೇ ಇಲ್ಲ ಎನ್ನುವಂತಿಲ್ಲ.

ಇದಕ್ಕೆ ಫುಟ್‌ಬಾಲ್ ಎಂಬ ಆಟದ ಕಟ್ಟೇ ಮುಖ್ಯ ಕಾರಣ. 2022ರ ಕತಾರ್ ವಿಶ್ವಕಪ್‌ನ 64 ಪಂದ್ಯಗಳಲ್ಲಿ ಬಿದ್ದ ಗೋಲುಗಳು 172. ಪಂದ್ಯಕ್ಕೆ ಮೂರೂ ಇಲ್ಲ. ಕಬಡ್ಡಿಯಲ್ಲಿ ಅಂಪೈರ್ ಒಂದು ಅಂಕ ತಪ್ಪು ಕೊಟ್ಟರೆ ಉಳಿದ ಅಂಕಗಳ ರಾಶಿಯಲ್ಲಿ ಅದು ಸಾಮಾನ್ಯವಾಗಿ ಮುಳುಗಿಹೋಗುತ್ತದೆ. ಕ್ರಿಕೆಟ್ಟಿನಲ್ಲಿ ಒಂದು ತಪ್ಪು ಎಲ್‌ಬಿಡಬ್ಲ್ಯು ಹತ್ತರಲ್ಲಿ ಒಂದು ವಿಕೆಟ್. ಫುಟ್‌ಬಾಲಿನಲ್ಲಿ ಒಂದು ಪೆನಾಲ್ಟಿ, ಒಂದು ಆಫ್‌ಸೈಡ್, ಒಂದು ಕೆಂಪು ಕಾರ್ಡ್ ಎಂದರೆ ಎಷ್ಟೋ ಸಲ ಅದೇ ಪಂದ್ಯ. ತೊಂಬತ್ತು ನಿಮಿಷದ ದುಡಿಮೆಯನ್ನು ಒಬ್ಬ ಮನುಷ್ಯನ ಅರ್ಧ ಸೆಕೆಂಡಿನ ನೋಟ ಅಳಿಸಿಹಾಕಬಲ್ಲದು. ಮೇಲಾಗಿ ಮ್ಯಾನೇಜರ್ ಆಡುವವನಲ್ಲ. ವಾರವಿಡೀ ತಯಾರಿ ಮಾಡಿಸಿ, ಆಟ ಶುರುವಾದ ಮೇಲೆ ಗೆರೆಯಾಚೆ ನಿಂತು ಕೂಗುವುದು ಬಿಟ್ಟರೆ ಅವನ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ. ಫಲಿತಾಂಶದ ಹೊಣೆ ಮಾತ್ರ ಪೂರಾ ಅವನದೇ. ನಾಲ್ಕು ಪಂದ್ಯ ಸತತ ಸೋತರೆ ಕೆಲಸವೂ ಹೋಗುತ್ತದೆ. ಇಷ್ಟರ ಮೇಲೆ ಪ್ರಸಾರ ಹಕ್ಕು ಕೊಂಡ ಟಿವಿ ವಾಹಿನಿಗಳೊಂದಿಗಿನ ಒಪ್ಪಂದದ ಪ್ರಕಾರ, ಪಂದ್ಯ ಮುಗಿದ ಕೆಲವೇ ನಿಮಿಷಗಳಲ್ಲಿ ಅವನು ಕ್ಯಾಮೆರಾ ಮುಂದೆ ನಿಲ್ಲಲೇಬೇಕು. ಬೆವರು ಆರಿರುವುದಿಲ್ಲ, ಗೋಲಿನ ಮರುಪ್ರಸಾರವನ್ನು ನೆಟ್ಟಗೆ ನೋಡಿರುವುದಿಲ್ಲ. ಪರೀಕ್ಷೆಯಲ್ಲಿ ಫೇಲಾದ ಹುಡುಗನನ್ನು ಫಲಕದ ಮುಂದೆಯೇ ನಿಲ್ಲಿಸಿ ‘ಏನನ್ನಿಸುತ್ತಿದೆ’ ಎಂದು ಕೇಳಿದರೆ ಬರುವ ಉತ್ತರದಿಂದ ಅವನ ಸ್ವಭಾವವನ್ನು ಅಳೆಯುವುದು ನ್ಯಾಯವಲ್ಲ.

ಕ್ಯಾಮೆರಾದ ಆಚೆಗೂ ಒಂದು ವಿಷಯವಿದೆ. ಸೋತವನು ಸುಳ್ಳು ಹೇಳುತ್ತಾನೆ ಎಂದು ನಾವು ಭಾವಿಸುತ್ತೇವೆ. ಬಹಳ ಸಲ ಅವನು ಕಂಡದ್ದನ್ನೇ ಹೇಳುತ್ತಿರುತ್ತಾನೆ. 1951ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ ನಡೆದ ಒರಟು ಪಂದ್ಯವೊಂದರ ಚಿತ್ರವನ್ನು ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಮನಃಶಾಸ್ತ್ರಜ್ಞರು ಎರಡೂ ಕಾಲೇಜಿನ ವಿದ್ಯಾರ್ಥಿಗಳಿಗೆ ತೋರಿಸಿ ತಪ್ಪುಗಳನ್ನು ಎಣಿಸಲು ಹೇಳಿದರು. (ಅದು ಅಮೆರಿಕನ್ ಫುಟ್‌ಬಾಲ್, ಆಟ ಬೇರೆ, ಕಣ್ಣು ಅದೇ.) ಡಾರ್ಟ್‌ಮತ್ ಆಟಗಾರರ ತಪ್ಪುಗಳು ಪ್ರಿನ್ಸ್‌ಟನ್‌ನವರಿಗೆ ಕಂಡದ್ದು ಡಾರ್ಟ್‌ಮತ್‌ನವರಿಗೆ ಕಂಡದ್ದರ ಎರಡು ಪಟ್ಟಿಗಿಂತ ಹೆಚ್ಚು. ಒಂದೇ ರೀಲು, ಎರಡು ಪಂದ್ಯ. ಲಾವ್ ಮತ್ತು ರಸೆಲ್ ಎಂಬ ಇಬ್ಬರು 1980ರಲ್ಲಿ ಪತ್ರಿಕೆಗಳ ಕ್ರೀಡಾಪುಟಗಳನ್ನು ಜಾಲಾಡಿ, ಗೆದ್ದವರು ಕಾರಣವನ್ನು ತಮ್ಮೊಳಗೇ ಕಾಣುವುದು ಹೆಚ್ಚು, ಸೋತವರಲ್ಲಿ ಅದು ಕಡಿಮೆ ಎಂದು ತೋರಿಸಿದರು. ಅದೇ ಅಧ್ಯಯನದ ಇನ್ನೊಂದು ಮುಖವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ: ಸೋತವರೂ ಅರ್ಧದಷ್ಟು ಸಲ ತಪ್ಪು ತಮ್ಮದೇ ಎಂದಿದ್ದರು. ನಮಗೆ ನೆನಪುಳಿಯುವುದು ಉಳಿದರ್ಧ. ‘ನಾವು ಚೆನ್ನಾಗಿ ಆಡಲಿಲ್ಲ’ ಎಂಬ ಮಾತು ಮರುದಿನದ ತಲೆಬರಹ ಆಗುವುದಿಲ್ಲ.

ಸಿಟ್ಟಿಗೆ ಸೋಲೇ ಬೇಕೆಂದಿಲ್ಲ ಎನ್ನುವುದಕ್ಕೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣವೇ ಸಾಕ್ಷಿ. 2023ರ ಜೂನ್ 21ರಂದು ಸ್ಯಾಫ್ ಚಾಂಪಿಯನ್‌ಷಿಪ್‌ನಲ್ಲಿ ಪಾಕಿಸ್ತಾನದ ವಿರುದ್ಧ ಭಾರತ ಆರಾಮವಾಗಿ ಮುಂದಿತ್ತು, ಕೊನೆಗೆ 4–0ರಿಂದ ಗೆದ್ದಿತು. ಆಟದ ನಡುವೆ ಪಾಕಿಸ್ತಾನದ ಆಟಗಾರ ಥ್ರೋ ಮಾಡಲು ಎತ್ತಿದ ಚೆಂಡನ್ನು ಭಾರತದ ಕೋಚ್ ಇಗೋರ್ ಸ್ಟಿಮ್ಯಾಕ್ ಹಿಂದಿನಿಂದ ತಟ್ಟಿ ಬೀಳಿಸಿದರು. ಕೆಂಪು ಕಾರ್ಡ್ ಸಿಕ್ಕಿತು. ವಾರ ಕಳೆಯುವುದರೊಳಗೆ ಕುವೈತ್ ಪಂದ್ಯದಲ್ಲಿ ಇನ್ನೊಂದು. ಸೋತದ್ದು ಎರಡರಲ್ಲಿ ಒಂದನ್ನೂ ಅಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಲಿವರ್‌ಪೂಲ್‌ನ ಯೂರ್ಗನ್ ಕ್ಲಾಪ್ ಟಾಟನ್‌ಹ್ಯಾಮ್ ವಿರುದ್ಧ ಕೊನೆಯ ಗಳಿಗೆಯ ಗೋಲಿನಿಂದ 4–3ರಲ್ಲಿ ಗೆದ್ದರು. ಗೆದ್ದ ಖುಷಿಯಲ್ಲಿ ಗೆರೆಯಂಚಿನಲ್ಲಿದ್ದ ನಾಲ್ಕನೇ ರೆಫರಿಯತ್ತ ಓಡಿ ಸ್ನಾಯು ಎಳೆದುಕೊಂಡರು, ಆಮೇಲೆ ರೆಫರಿಯ ವಿರುದ್ಧ ಆಡಿದ ಮಾತಿಗೆ ದಂಡ ತೆತ್ತರು. ಇವರ ಸಿಟ್ಟಿನ ಬೇರು ಸೋಲಿಗಿಂತ ಆಳದಲ್ಲಿ, ಅನ್ಯಾಯವಾಗುತ್ತಿದೆ ಎಂಬ ಭಾವದಲ್ಲಿದೆ. ಸೋಲು ಆ ಭಾವಕ್ಕೆ ತುಪ್ಪ ಸುರಿಯುತ್ತದೆ, ಅಷ್ಟೆ.

ಇಲ್ಲಿ ಮೊದಲನೆಯ ಆಕ್ಷೇಪ ಬರುತ್ತದೆ: ಅನ್ಯಾಯ ನಿಜವಾಗಿಯೂ ಆಗಿದ್ದರೆ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವವರು 1984ನ್ನು ನೆನೆಯಬೇಕು. ಯುಯೆಫಾ ಕಪ್ ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ 2–0 ಗೆದ್ದಿದ್ದ ಬ್ರಯನ್ ಕ್ಲಫ್ ಅವರ ನಾಟಿಂಗ್‌ಹ್ಯಾಮ್ ಫಾರೆಸ್ಟ್, ಬೆಲ್ಜಿಯಮ್ಮಿನಲ್ಲಿ ಆಂಡರ್‌ಲೆಕ್ಟ್ ವಿರುದ್ಧ 3–0 ಸೋತು ಹೊರಬಿತ್ತು. ಎದುರಾಳಿಗೆ ಸಿಕ್ಕ ಪೆನಾಲ್ಟಿ ಅನುಮಾನಾಸ್ಪದ, ಕೊನೆಯಲ್ಲಿ ಪಾಲ್ ಹಾರ್ಟ್ ತಲೆಯಿಂದ ಹೊಡೆದ ಗೋಲು ರದ್ದು. ಅಂದು ಫಾರೆಸ್ಟ್‌ನವರು ಗೊಣಗಿದ್ದರೆ ಅದು ಸೋತವರ ಗೋಳು ಎನ್ನಿಸುತ್ತಿತ್ತು. 1997ರಲ್ಲಿ ಹೊರಬಿದ್ದ ಸಂಗತಿ ಏನೆಂದರೆ, ಆಂಡರ್‌ಲೆಕ್ಟ್‌ನ ಆಗಿನ ಅಧ್ಯಕ್ಷರಿಂದ ಆ ರೆಫರಿಗೆ ಹತ್ತು ಲಕ್ಷ ಬೆಲ್ಜಿಯನ್ ಫ್ರ್ಯಾಂಕ್ ಸಂದಾಯವಾಗಿತ್ತು. ಹದಿಮೂರು ವರ್ಷ ಕಳೆದಿತ್ತು, ರೆಫರಿ ತೀರಿಕೊಂಡು ಹತ್ತು ವರ್ಷವಾಗಿತ್ತು. ಲಂಚದ ಮಾತಿರಲಿ, ಶುದ್ಧ ತಪ್ಪುಗಳೂ ಕಡಿಮೆಯಿಲ್ಲ. 2010ರ ವಿಶ್ವಕಪ್‌ನಲ್ಲಿ ಜರ್ಮನಿ ವಿರುದ್ಧ ಇಂಗ್ಲೆಂಡಿನ ಫ್ರ್ಯಾಂಕ್ ಲ್ಯಾಂಪರ್ಡ್ ಹೊಡೆದ ಚೆಂಡು ಗೋಲುಗೆರೆ ದಾಟಿ ಒಳಗೆ ಪುಟಿದದ್ದು ಗ್ಯಾಲರಿಗೆಲ್ಲ ಕಂಡಿತು, ರೆಫರಿಗಳಿಗೆ ಕಾಣಲಿಲ್ಲ. 2023ರ ಸೆಪ್ಟೆಂಬರ್ 30ರಂದು ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಹೊಡೆದ ಸರಿಯಾದ ಗೋಲನ್ನು, ವೀಡಿಯೊ ನೆರವಿನ ಕೋಣೆಯಲ್ಲಿದ್ದವರು ಮೈದಾನದ ತೀರ್ಪು ಏನಿತ್ತೆಂಬುದನ್ನೇ ತಪ್ಪಾಗಿ ತಿಳಿದು ಕೈಬಿಟ್ಟರು. ರೆಫರಿಗಳ ಸಂಸ್ಥೆಯೇ ತಪ್ಪೊಪ್ಪಿಕೊಂಡಿತು. ಗೋಲುಗೆರೆ ತಂತ್ರಜ್ಞಾನಕ್ಕೆ 2012ರಲ್ಲಿ ಒಪ್ಪಿಗೆ ಸಿಕ್ಕಿದ್ದರ ಹಿಂದೆ ಇಂಥ ದೂರುಗಳ ಒತ್ತಡ ಇತ್ತು. ಸೋತವರೆಲ್ಲ ಸಭ್ಯವಾಗಿ ಬಾಯಿ ಮುಚ್ಚಿಕೊಂಡಿದ್ದರೆ ಆಟ ಅಷ್ಟರಮಟ್ಟಿಗೆ ಕುರುಡಾಗಿಯೇ ಉಳಿಯುತ್ತಿತ್ತು.

ಹಾಗಾಗಿ ದೂರುವುದೇ ತಪ್ಪು ಎಂದು ನಾನು ಹೇಳಲಾರೆ. ಆದರೆ ‘ಈ ತೀರ್ಪು ತಪ್ಪು’ ಎನ್ನುವುದಕ್ಕೂ ‘ಇವನು ಬೇಕೆಂದೇ ಮಾಡಿದ’ ಎನ್ನುವುದಕ್ಕೂ ನಡುವೆ ಒಂದು ಗೆರೆಯಿದೆ. ಅದನ್ನು ದಾಟಲು ಪುರಾವೆ ಬೇಕು. ಆಂಡರ್‌ಲೆಕ್ಟ್ ಸಂಗತಿ ಸಾಬೀತಾದದ್ದು ಕ್ಲಬ್ಬಿನವರೇ ಒಪ್ಪಿಕೊಂಡದ್ದರಿಂದ, ಪಂದ್ಯದ ನಂತರದ ಆರೋಪದಿಂದಲ್ಲ. 2023ರ ನವೆಂಬರ್‌ನಲ್ಲಿ ನ್ಯೂಕ್ಯಾಸಲ್ ವಿರುದ್ಧ 1–0 ಸೋತ ಆರ್ಸೆನಲ್‌ನ ಮಿಕೆಲ್ ಆರ್ಟೆಟಾ ತೀರ್ಪನ್ನು ನಾಚಿಕೆಗೇಡು ಎಂದರು. ಅವರ ಮೇಲೆ ಆರೋಪ ಹೊರಿಸಲಾಯಿತು. ಸ್ವತಂತ್ರ ಆಯೋಗ ವಿಚಾರಿಸಿ ಆರೋಪ ಸಾಬೀತಾಗಿಲ್ಲ ಎಂದಿತು. ಆ ನಿರ್ಣಯ ನನಗೆ ಸರಿ ಕಾಣುತ್ತದೆ. ಮಾತು ಖಾರವಾಗಿತ್ತು, ಆದರೆ ಗುರಿ ತೀರ್ಪಾಗಿತ್ತು. 2005ರ ಫೆಬ್ರುವರಿಯಲ್ಲಿ ನಡೆದದ್ದು ಇದಲ್ಲ. ಚೆಲ್ಸಿ ಬಾರ್ಸಿಲೋನಾದಲ್ಲಿ 2–1 ಸೋತಾಗ, ಎದುರಾಳಿ ಕೋಚ್ ಫ್ರ್ಯಾಂಕ್ ರೈಕಾರ್ಡ್ ವಿರಾಮದಲ್ಲಿ ರೆಫರಿಯ ಕೋಣೆಗೆ ಹೋಗಿದ್ದರೆಂದು ಮೊರಿನ್ಯೊ ಆರೋಪಿಸಿದರು. ಆ ಸ್ವೀಡಿಷ್ ರೆಫರಿ ಆಂಡರ್ಸ್ ಫ್ರಿಸ್ಕ್‌ಗೆ ಕೊಲೆ ಬೆದರಿಕೆಗಳು ಬಂದವು. ಮಾರ್ಚ್‌ನಲ್ಲಿ ಅವರು ಸೀಟಿಯನ್ನೇ ಕೆಳಗಿಟ್ಟರು. ಮೊರಿನ್ಯೊಗೆ ಸಿಕ್ಕಿದ್ದು ಎರಡು ಪಂದ್ಯದ ನಿಷೇಧ, ಫ್ರಿಸ್ಕ್‌ಗೆ ಕಸುಬೇ ಹೋಯಿತು. ಆರು ವರ್ಷದ ನಂತರ ಮ್ಯಾಡ್ರಿಡ್‌ನಲ್ಲಿ ‘ಪೊರ್ ಕೆ’ ಎಂದು ಕೇಳುತ್ತ ಓದಿದ ಹೆಸರುಗಳ ಪಟ್ಟಿಯಲ್ಲಿ ಫ್ರಿಸ್ಕ್ ಹೆಸರು ಮತ್ತೆ ಇತ್ತು.

ಎರಡನೆಯ ಆಕ್ಷೇಪ ಜಾಣರದು. ಇದೆಲ್ಲ ಸಿಟ್ಟಲ್ಲ, ತಂತ್ರ. ಕೆಟ್ಟದಾಗಿ ಆಡಿದ ಹುಡುಗರ ಮೇಲಿನ ಟೀಕೆಯನ್ನು ಮ್ಯಾನೇಜರ್ ತನ್ನತ್ತ ಎಳೆದುಕೊಳ್ಳುತ್ತಾನೆ, ಮುಂದಿನ ಪಂದ್ಯದ ರೆಫರಿಗೂ ಒಂದು ಹೆದರಿಕೆ ಇಟ್ಟಂತಾಗುತ್ತದೆ ಎನ್ನುತ್ತಾರೆ. ಇದರಲ್ಲಿ ಹುರುಳಿದೆ. 2002ರಲ್ಲಿ ನೆವಿಲ್ ಮತ್ತು ಸಂಗಡಿಗರು ನಲವತ್ತು ಮಂದಿ ಅರ್ಹ ರೆಫರಿಗಳಿಗೆ ಒಂದೇ ಪಂದ್ಯದ ದೃಶ್ಯಗಳನ್ನು ತೋರಿಸಿ, ಕೆಲವರಿಗೆ ಮಾತ್ರ ಪ್ರೇಕ್ಷಕರ ಗದ್ದಲ ಕೇಳಿಸಿದರು. ಗದ್ದಲ ಕೇಳಿದವರು ತವರು ತಂಡದ ವಿರುದ್ಧ ಕೊಟ್ಟ ಫೌಲ್‌ಗಳು ಸುಮಾರು ಶೇ 15ರಷ್ಟು ಕಡಿಮೆ. ಒತ್ತಡ ಕೆಲಸ ಮಾಡುತ್ತದೆ ಎಂದ ಮೇಲೆ ಒತ್ತಡ ಹೇರುವವರೂ ಇರುತ್ತಾರೆ. ಆದರೆ ಆಟಗಾರರನ್ನು ಕಾಯುವುದೇ ಉದ್ದೇಶವಾದರೆ ಅದಕ್ಕೆ ರೆಫರಿಯ ಬಲಿ ಬೇಕಿಲ್ಲ. 2021ರ ಜುಲೈ 11ರಂದು ಯೂರೊ ಫೈನಲ್‌ನಲ್ಲಿ ಇಟಲಿ ವಿರುದ್ಧ ಪೆನಾಲ್ಟಿಯಲ್ಲಿ ಇಂಗ್ಲೆಂಡ್ ಸೋತಿತು. ರ‍್ಯಾಷ್‌ಫರ್ಡ್, ಸ್ಯಾಂಚೊ, ಸಾಕಾ ಎಂಬ ಮೂವರು ಎಳೆಯರ ಹೊಡೆತಗಳು ಗೋಲಾಗಲಿಲ್ಲ. ಯಾರು ಹೊಡೆಯಬೇಕೆಂದು ಆರಿಸಿದವನು ನಾನು, ಹೊಣೆ ನನ್ನದು ಎಂದರು ಮ್ಯಾನೇಜರ್ ಗ್ಯಾರೆತ್ ಸೌತ್‌ಗೇಟ್. ಆ ಮೂವರ ಮೇಲೆ ಜಾಲತಾಣಗಳಲ್ಲಿ ವರ್ಣದ್ವೇಷದ ಹೊಲಸು ಸುರಿಯುತ್ತಿದ್ದ ಹೊತ್ತಿನಲ್ಲಿ ಆ ಮಾತಿನ ತೂಕ ದೊಡ್ಡದು. ಕೊಡೆ ಹಿಡಿಯುವುದಕ್ಕೆ ಇನ್ನೊಬ್ಬನ ಕೊಡೆ ಕಿತ್ತುಕೊಳ್ಳಬೇಕಾಗಿಲ್ಲ.

ಇನ್ನೂ ಒಂದು ಮಾತು ಎಲ್ಲ ಕಡೆ ಕೇಳಿಬರುತ್ತದೆ: ಸೋಲನ್ನು ಈ ಪರಿ ದ್ವೇಷಿಸದಿದ್ದರೆ ಇವರು ಇಷ್ಟು ಎತ್ತರಕ್ಕೆ ಏರುತ್ತಿರಲಿಲ್ಲ. ದ್ವೇಷ ಬೇಕು, ಒಪ್ಪುತ್ತೇನೆ. ಅದು ಹೊರಗೇ ಹರಿಯಬೇಕೆಂಬುದು ಮಾತ್ರ ಸುಳ್ಳು. ಕಾರ್ಲೊ ಆಂಚೆಲೊಟ್ಟಿಯವರ ಎಸಿ ಮಿಲಾನ್ 2005ರಲ್ಲಿ ಇಸ್ತಾಂಬುಲ್‌ನ ಫೈನಲ್‌ನಲ್ಲಿ ವಿರಾಮಕ್ಕೆ 3–0 ಮುಂದಿದ್ದು, ಆರು ನಿಮಿಷದಲ್ಲಿ ಮೂರು ಗೋಲು ಬಿಟ್ಟುಕೊಟ್ಟು, ಪೆನಾಲ್ಟಿಯಲ್ಲಿ ಲಿವರ್‌ಪೂಲ್‌ಗೆ ಸೋತಿತು. ಅದಕ್ಕಿಂತ ಕಹಿಯಾದ ಸೋಲು ಫುಟ್‌ಬಾಲಿನಲ್ಲಿ ವಿರಳ. ಆಂಚೆಲೊಟ್ಟಿ ಯಾರನ್ನೂ ದೂರದೆ, ಎರಡು ವರ್ಷದ ನಂತರ ಅಥೆನ್ಸ್‌ನಲ್ಲಿ ಅದೇ ಲಿವರ್‌ಪೂಲನ್ನು 2–1ರಿಂದ ಸೋಲಿಸಿದರು. ಮ್ಯಾನೇಜರ್ ಆಗಿ ಐದು ಚಾಂಪಿಯನ್ಸ್ ಲೀಗ್ ಗೆದ್ದವರು ಅವರೊಬ್ಬರೇ. ಪೆಪ್ ಗಾರ್ಡಿಯೊಲಾ ಅವರದು ಮತ್ತೊಂದು ಬಗೆ. 2024ರ ನವೆಂಬರ್ 26ರಂದು ಮ್ಯಾಂಚೆಸ್ಟರ್ ಸಿಟಿ 75ನೇ ನಿಮಿಷದವರೆಗೆ 3–0 ಮುಂದಿದ್ದು ಫೆಯೆನೂರ್ಡ್ ವಿರುದ್ಧ 3–3ರಲ್ಲಿ ಮುಗಿಸಿತು. ಪತ್ರಿಕಾಗೋಷ್ಠಿಗೆ ಬಂದಾಗ ಅವರ ಮೂಗಿನ ಮೇಲೆ ಕೆಂಪು ಗೀರು, ಬೋಳುತಲೆಯ ತುಂಬ ಉಗುರಿನ ಗುರುತು. ಪಂದ್ಯದ ಹೊತ್ತಿನಲ್ಲಿ ತಮ್ಮನ್ನೇ ಪರಚಿಕೊಂಡಿದ್ದರು. ನೋಡಿದವರಿಗೆ ಸಂಕಟವಾಯಿತು, ಆ ಬಗ್ಗೆ ಹಗುರವಾಗಿ ಆಡಿದ ಮಾತಿಗೆ ಮರುದಿನ ಅವರೇ ವಿವರಣೆ ಕೊಟ್ಟರು. ಅದು ಅನುಕರಣೀಯವೆಂದು ನಾನು ಹೇಳುತ್ತಿಲ್ಲ. ಸೋಲಿನ ಉರಿ ಎಲ್ಲರಲ್ಲೂ ಇದೆ, ಅದು ಹರಿಯುವ ದಿಕ್ಕು ಒಬ್ಬೊಬ್ಬರದು ಒಂದೊಂದು ಎಂಬುದಕ್ಕೆ ಆ ಗೀರುಗಳು ಸಾಕ್ಷಿ.

ಕ್ಲಾಪ್ ಒಮ್ಮೆ ತಮ್ಮ ಬಗ್ಗೆ ನೇರವಾಗಿಯೇ ಹೇಳಿಕೊಂಡರು. 2020ರ ಮಾರ್ಚ್ 11ರಂದು ಆನ್‌ಫೀಲ್ಡ್‌ನಲ್ಲಿ ಲಿವರ್‌ಪೂಲ್ ಪೂರ್ತಿ ಮೇಲುಗೈ ಸಾಧಿಸಿತ್ತು. ಹೆಚ್ಚುವರಿ ಸಮಯದಲ್ಲಿ ಗೋಲ್‌ಕೀಪರ್ ಆಡ್ರಿಯಾನ್ ಒದ್ದ ಚೆಂಡು ನೇರ ಎದುರಾಳಿಯ ಕಾಲಿಗೆ ಹೋಯಿತು, ಕ್ಷಣದಲ್ಲಿ ಗೋಲು, ಕೊನೆಗೆ ಅಟ್ಲೆಟಿಕೊ ಮ್ಯಾಡ್ರಿಡ್ 3–2. ಅಷ್ಟು ಒಳ್ಳೆಯ ಆಟಗಾರರನ್ನು ಇಟ್ಟುಕೊಂಡು ಅವರು ಬರೀ ರಕ್ಷಣೆ ಮಾಡುತ್ತ ಆಡುವುದೇಕೆಂದು ಅರ್ಥವಾಗುವುದಿಲ್ಲ ಎಂದ ಕ್ಲಾಪ್, ನಾನು ಸೋಲು ಸಹಿಸಲಾರದವನೆಂಬುದು ನನಗೇ ತಿಳಿಯುತ್ತಿದೆ ಎಂದೂ ಸೇರಿಸಿದರು. ಎದುರಾಳಿಯ ಆಟದ ಬಗ್ಗೆ ಅವರು ಹೇಳಿದ್ದನ್ನು ನಾನು ಒಪ್ಪುವುದಿಲ್ಲ, ರಕ್ಷಣೆಯೂ ಆಟವೇ. ಆದರೆ ತನ್ನ ಕಹಿಗೆ ತಾನೇ ಹೆಸರಿಟ್ಟುಕೊಂಡ ಆ ಪ್ರಾಮಾಣಿಕತೆ ದೊಡ್ಡದು. ಮೀಸೆಗೆ ಮಣ್ಣು ಹತ್ತಿದೆ ಎಂದು ಒಪ್ಪಿಕೊಂಡವನು ಅದನ್ನು ಇನ್ನೊಬ್ಬನ ಮುಖಕ್ಕೆ ಒರೆಸುವುದಿಲ್ಲ.

ಬೆಂಗಳೂರಿನದೇ ಇನ್ನೊಂದು ಪಂದ್ಯವನ್ನು ಇಲ್ಲಿ ಹೇಳಲೇಬೇಕು. 2023ರ ಮಾರ್ಚ್ 3, ಐಎಸ್‌ಎಲ್ ನಾಕೌಟ್, ಬೆಂಗಳೂರು ಎಫ್‌ಸಿ ವಿರುದ್ಧ ಕೇರಳ ಬ್ಲಾಸ್ಟರ್ಸ್. ಹೆಚ್ಚುವರಿ ಸಮಯದಲ್ಲಿ ಸಿಕ್ಕ ಫ್ರೀಕಿಕ್ಕನ್ನು ಸುನಿಲ್ ಛೇಟ್ರಿ, ಕೇರಳದವರು ಗೋಡೆ ಕಟ್ಟಿ ಮುಗಿಸುವ ಮೊದಲೇ ಖಾಲಿ ಗೋಲಿನೊಳಗೆ ಹೊಡೆದರು. ರೆಫರಿ ಗೋಲು ಕೊಟ್ಟರು. ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನೇ ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು, ಪಂದ್ಯ ಅಲ್ಲಿಗೇ ಮುಗಿಯಿತು. ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ ಹತ್ತು ಪಂದ್ಯ ನಿಷೇಧ. ಗೋಲಿನ ಬಗ್ಗೆ ಅವರ ವಾದ ಏನೇ ಇರಲಿ, ಆ ಹೊತ್ತಿಗೆ ಸುಮಾರು ಇಪ್ಪತ್ತೈದು ನಿಮಿಷ ಆಟ ಉಳಿದಿತ್ತು. ಒಂದು ಗೋಲು ತೀರಿಸಲು ಧಾರಾಳ ಸಮಯ. ತನ್ನ ಆಟಗಾರರಿಂದ ಆ ಸಮಯವನ್ನು ಕಿತ್ತುಕೊಂಡದ್ದು ರೆಫರಿಯಲ್ಲ.

ರೆಫರಿಯ ಸ್ಥಿತಿಯನ್ನು ನಾವು ಯೋಚಿಸುವುದೇ ಇಲ್ಲ. ಸೋತ ಮ್ಯಾನೇಜರಿಗೆ ಮೈಕು ಇದೆ, ಅಭಿಮಾನಿಗಳ ಸೈನ್ಯವಿದೆ. ರೆಫರಿ ಸಾಮಾನ್ಯವಾಗಿ ಪಂದ್ಯದ ನಂತರ ಕ್ಯಾಮೆರಾ ಮುಂದೆ ಬಂದು ತನ್ನ ತೀರ್ಪನ್ನು ಸಮರ್ಥಿಸಿಕೊಳ್ಳುವ ಪದ್ಧತಿಯೇ ಇಲ್ಲ. 2023ರ ಮೇ 31ರಂದು ಬುಡಾಪೆಸ್ಟ್‌ನಲ್ಲಿ ಯುರೋಪಾ ಲೀಗ್ ಫೈನಲ್. ಮೊರಿನ್ಯೊ ಅವರ ರೋಮಾ ಪೆನಾಲ್ಟಿಯಲ್ಲಿ ಸೆವಿಯಾಗೆ ಸೋತಿತು; ಅದಕ್ಕೆ ಮುಂಚೆ ಯುರೋಪಿನ ಐದು ಕಪ್‌ಗಳ ಫೈನಲ್‌ನಲ್ಲಿ ಐದನ್ನೂ ಗೆದ್ದಿದ್ದ ಅವರಿಗೆ ಅದು ಮೊದಲ ಫೈನಲ್ ಸೋಲು. ಪದಕವನ್ನು ಗ್ಯಾಲರಿಯಲ್ಲಿದ್ದ ಹುಡುಗನೊಬ್ಬನಿಗೆ ಕೊಟ್ಟುಬಿಟ್ಟರು. ಆಮೇಲೆ ಕ್ರೀಡಾಂಗಣದ ವಾಹನ ನಿಲ್ದಾಣದಲ್ಲಿ ಇಂಗ್ಲಿಷ್ ರೆಫರಿ ಆಂಥೊನಿ ಟೇಲರ್ ಅವರನ್ನು ಎದುರಿಸಿ ಬೈದರು. ಮರುದಿನ ವಿಮಾನ ನಿಲ್ದಾಣದಲ್ಲಿ ಅಭಿಮಾನಿಗಳ ಗುಂಪು ಟೇಲರ್ ಅವರನ್ನು ಮುತ್ತಿತು. ಜೊತೆಗೆ ಅವರ ಮನೆಯವರೂ ಇದ್ದರು. ಕುರ್ಚಿಯೊಂದು ತೂರಿಬಂತು, ಭದ್ರತಾ ಸಿಬ್ಬಂದಿ ಆ ಕುಟುಂಬವನ್ನು ತಳ್ಳಿಕೊಂಡೇ ಬಾಗಿಲೊಳಗೆ ಸೇರಿಸಿದರು.

ಟೇಲರ್ ಅವರಿಗೆ ಕನಿಷ್ಠ ಭದ್ರತಾ ಸಿಬ್ಬಂದಿ ಇದ್ದರು. ಇಂಗ್ಲೆಂಡಿನ ಊರೂರ ಮೈದಾನಗಳಲ್ಲಿ ಭಾನುವಾರ ಬೆಳಗ್ಗೆ ಸೀಟಿ ಹಿಡಿದು ನಿಲ್ಲುವವರಿಗೆ ಅದೂ ಇಲ್ಲ. ಟಿವಿಯಲ್ಲಿ ಕಂಡ ಮಾತು, ಬೆರಳು ತೋರಿಸುವ ಭಂಗಿ, ಮುಖದ ಹತ್ತಿರ ಬಂದು ಅರಚುವ ರೀತಿ ಎಲ್ಲವೂ ವಾರದೊಳಗೆ ಅಲ್ಲಿಗೆ ಇಳಿಯುತ್ತವೆ. 2023ರ ಫೆಬ್ರುವರಿಯಲ್ಲಿ ಅಲ್ಲಿನ ಫುಟ್‌ಬಾಲ್ ಸಂಸ್ಥೆ, ಮೊದಲು ಮಿಡಲ್ಸ್‌ಬರೊ ಊರಿನಲ್ಲಿ, ಹವ್ಯಾಸಿ ಲೀಗುಗಳ ರೆಫರಿಗಳ ಎದೆಗೆ ಪೊಲೀಸರು ಧರಿಸುವಂಥ ಕ್ಯಾಮೆರಾ ಕಟ್ಟುವ ಪ್ರಯೋಗ ಶುರು ಮಾಡಿತು. ಆ ಕ್ಯಾಮೆರಾ ಇರುವುದು ಗೋಲು ನೋಡುವುದಕ್ಕಲ್ಲ. ತಮ್ಮನ್ನು ಯಾರು ಹೊಡೆದರು, ಯಾರು ಬೈದರು ಎಂಬುದಕ್ಕೆ ಸಾಕ್ಷಿ ಇರಲೆಂದು ಅವರು ಅದನ್ನು ಕಟ್ಟಿಕೊಂಡು ಮೈದಾನಕ್ಕೆ ಇಳಿಯುತ್ತಾರೆ.